ಗಾಲ್ಫ್ ಚೆಂಡು ದೂರ ಹೋಗುವುದು ತೋಳ್ಬಲದಿಂದಲೇ? ಬೆನ್ ಹೋಗನ್ ಬದುಕು ಕೊಡುವ ಉತ್ತರ

ನೆಲದ ಮೇಲೆ ಸುಮ್ಮನೆ ಕೂತಿರುವ ಒಂದು ಪುಟ್ಟ ಚೆಂಡು. ತೂಕ ಹೆಚ್ಚೆಂದರೆ 46 ಗ್ರಾಂ, ಅಂದರೆ ಸಾಧಾರಣ ಗಾತ್ರದ ಒಂದು ನಿಂಬೆಹಣ್ಣಿನಷ್ಟು. ಅದನ್ನು ಉದ್ದನೆಯ ಕೋಲಿನಿಂದ ಹೊಡೆದು 250 ಮೀಟರ್ ಆಚೆಗೆ ಕಳಿಸಬೇಕು. ಇದಕ್ಕೆ ಏನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ದಪ್ಪ ತೋಳು, ಗಟ್ಟಿ ಮಣಿಕಟ್ಟು ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ.

ಈ ನಂಬಿಕೆ ನಿಜವಾಗಿದ್ದರೆ ಅಮೆರಿಕದ ಬೆನ್ ಹೋಗನ್ ಗಾಲ್ಫ್ ಚರಿತ್ರೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಬಾರದಿತ್ತು. ಅವರ ಎತ್ತರ ಸುಮಾರು 5 ಅಡಿ 8 ಅಂಗುಲ, ತೂಕ 63-64 ಕಿಲೋ. ಪತ್ರಕರ್ತರು ಅವರಿಗೆ ಇಟ್ಟಿದ್ದ ಅಡ್ಡಹೆಸರು 'ಬ್ಯಾಂಟಮ್ ಬೆನ್'. ಬ್ಯಾಂಟಮ್ ಎಂದರೆ ಗಿಡ್ಡ ತಳಿಯ ಕೋಳಿ. ಆದರೂ ತಮಗಿಂತ ಎಷ್ಟೋ ಭಾರಿ ಆಳುಗಳ ಜೊತೆಗೆ ಅವರ ಚೆಂಡು ಸರಿಸಮವಾಗಿ ಹೋಗಿ ಬೀಳುತ್ತಿತ್ತು. ಗಾಲ್ಫ್‌ನ ನಾಲ್ಕು ದೊಡ್ಡ ಪಂದ್ಯಾವಳಿಗಳಿಗೆ 'ಮೇಜರ್' ಎಂದು ಹೆಸರು. ಹೋಗನ್ ಅಂಥ 9 ಮೇಜರ್‌ಗಳನ್ನು ಗೆದ್ದರು, ಅದರಲ್ಲಿ 6 ಗೆಲುವುಗಳು ಬಂದದ್ದು ಸೊಂಟದ ಮೂಳೆ ಮುರಿದ ಮೇಲೆ.

ಅದು ಹೇಗೆ ಸಾಧ್ಯವಾಯಿತು? ಹೊಡೆತದ ಬಲ ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆ? ಕೈಗಳು ಮಾಡುವುದೇನು? ಹೋಗನ್ ಬದುಕಿನ ಜೊತೆಜೊತೆಗೇ ಈ ಪ್ರಶ್ನೆಗಳಿಗೂ ಉತ್ತರ ಹುಡುಕೋಣ.

ಕಮ್ಮಾರನ ಮಗ

ಹೋಗನ್ ಹುಟ್ಟಿದ್ದು 1912ರ ಆಗಸ್ಟ್ 13ರಂದು, ಟೆಕ್ಸಸ್ ರಾಜ್ಯದ ಸ್ಟೀಫನ್‌ವಿಲ್ ಎಂಬಲ್ಲಿ. ಬೆಳೆದದ್ದು ಸಮೀಪದ ಡಬ್ಲಿನ್ ಎಂಬ ಸಣ್ಣ ಊರಿನಲ್ಲಿ. ತಂದೆ ಚೆಸ್ಟರ್ ಕಮ್ಮಾರ. ಮೋಟಾರು ವಾಹನಗಳು ಹೆಚ್ಚಾಗುತ್ತಿದ್ದ ಆ ಕಾಲದಲ್ಲಿ ಕುದುರೆಗೆ ಲಾಳ ಕಟ್ಟುವ ಕೆಲಸ ದಿನೇ ದಿನೇ ಕಡಿಮೆಯಾಗುತ್ತಿತ್ತು. 1922ರ ಆರಂಭದಲ್ಲಿ ತಂದೆ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಬೆನ್‌ಗೆ ಆಗ ಒಂಬತ್ತು ವರ್ಷ.

ತಾಯಿ ಕ್ಲಾರಾ ಮಕ್ಕಳೊಂದಿಗೆ ಫೋರ್ಟ್ ವರ್ತ್ ನಗರ ಸೇರಿದರು. ಮನೆಯ ಖರ್ಚಿಗಾಗಿ ಹುಡುಗ ರೈಲು ನಿಲ್ದಾಣದಲ್ಲಿ ಪತ್ರಿಕೆ ಮಾರಿದ. ಹನ್ನೊಂದನೇ ವಯಸ್ಸಿನಲ್ಲಿ ಗ್ಲೆನ್ ಗಾರ್ಡನ್ ಎಂಬ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾದ. ಕ್ಯಾಡಿ ಎಂದರೆ ಆಟಗಾರರ ಕೋಲುಗಳ ಚೀಲ ಹೊತ್ತುಕೊಂಡು ಅವರ ಹಿಂದೆ ನಡೆಯುವ ಹುಡುಗ. ಅದೇ ಮೈದಾನದಲ್ಲಿ ಇನ್ನೊಬ್ಬ ಕ್ಯಾಡಿ ಇದ್ದ, ಹೆಸರು ಬೈರನ್ ನೆಲ್ಸನ್. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಮುಂದೆ ಇಬ್ಬರೂ ವಿಶ್ವಪ್ರಸಿದ್ಧರಾದರು. 1927ರಲ್ಲಿ ಕ್ಯಾಡಿ ಹುಡುಗರಿಗಾಗಿ ನಡೆದ ಕ್ರಿಸ್‌ಮಸ್ ಪಂದ್ಯದಲ್ಲಿ ಇಬ್ಬರೂ ಸಮ ಬಂದು, ಕೊನೆಗೆ ನೆಲ್ಸನ್ ಗೆದ್ದ.

ಕೆಲಸವಿಲ್ಲದ ಹೊತ್ತಿನಲ್ಲಿ ಕ್ಯಾಡಿಗಳು ಯಾರ ಚೆಂಡು ದೂರ ಹೋಗುತ್ತದೆ ಎಂದು ಸ್ಪರ್ಧೆ ಕಟ್ಟುತ್ತಿದ್ದರು. ಯಾರದು ಎಲ್ಲಕ್ಕಿಂತ ಹತ್ತಿರ ಬೀಳುತ್ತದೋ ಅವನೇ ಹೋಗಿ ಎಲ್ಲರ ಚೆಂಡುಗಳನ್ನೂ ಹೆಕ್ಕಿ ತರಬೇಕು. ಗುಂಪಿನಲ್ಲಿ ಚಿಕ್ಕವನಾದ ಬೆನ್‌ಗೆ ಆ ಶಿಕ್ಷೆ ತಪ್ಪಿಸಿಕೊಳ್ಳಲೇಬೇಕಿತ್ತು. ಅವನು ಮೈಯನ್ನು ಸಾಧ್ಯವಾದಷ್ಟೂ ಹಿಂದಕ್ಕೆ ತಿರುಗಿಸಿ, ಕೋಲನ್ನು ಬೆನ್ನ ಹಿಂದೆ ಕೆಳಗಿನವರೆಗೂ ಒಯ್ದು, ಕೈಗಳನ್ನು ರಭಸದಿಂದ ಹೊರಳಿಸಿ ಹೊಡೆಯುವುದನ್ನು ರೂಢಿಸಿಕೊಂಡ. ಚೆಂಡು ದೂರವೇನೋ ಹೋಯಿತು. ಆದರೆ ಆ ರೂಢಿ ಮುಂದೆ ಹದಿನೈದಕ್ಕೂ ಹೆಚ್ಚು ವರ್ಷ ಅವನನ್ನು ಕಾಡಿತು.

ದೂರ ಹೋಗುತ್ತಿತ್ತು, ಆದರೆ ಎಡಕ್ಕೆ

1930ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಹೋಗನ್ ವೃತ್ತಿಪರ ಆಟಗಾರರಾದರು. ಅಮೆರಿಕ ಆಗ ಆರ್ಥಿಕ ಮಹಾಕುಸಿತದ ಸುಳಿಯಲ್ಲಿತ್ತು. ಬಹುಮಾನ ಸಿಕ್ಕರೆ ಊಟ, ಇಲ್ಲದಿದ್ದರೆ ಸಾಲ ಎಂಬಂಥ ಬದುಕು. ಕೈಯಲ್ಲಿ ಕಾಸಿಲ್ಲದೆ ಅವರು ಮತ್ತೆ ಮತ್ತೆ ಊರಿಗೆ ಹಿಂತಿರುಗಿದರು. 1935ರಲ್ಲಿ ವ್ಯಾಲರಿ ಫಾಕ್ಸ್ ಅವರನ್ನು ಮದುವೆಯಾದ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಪಂದ್ಯದ ವೇಳೆ, ಹಣ ಮುಗಿಯುವ ಹಂತದಲ್ಲಿದ್ದಾಗ, ಕಳ್ಳರು ಅವರ ಕಾರಿನ ಚಕ್ರಗಳನ್ನೇ ಬಿಚ್ಚಿಕೊಂಡು ಹೋಗಿದ್ದರು. ಆ ಪಂದ್ಯದಲ್ಲಿ ಸಿಕ್ಕ ಬಹುಮಾನದಿಂದಾಗಿ ಅವರು ಗಾಲ್ಫ್ ಬಿಡದೆ ಉಳಿದರು.

ತೊಂದರೆ ಇದ್ದದ್ದು ಶಕ್ತಿಯಲ್ಲಲ್ಲ, ದಿಕ್ಕಿನಲ್ಲಿ. ಹೋಗನ್ ಹೊಡೆದ ಚೆಂಡು ನೇರವಾಗಿ ಹೊರಟು, ಗಾಳಿಯಲ್ಲಿ ಎಡಕ್ಕೆ ತಿರುಗಿ, ಕೆಳಮಟ್ಟದಲ್ಲಿ ಹಾರಿ, ನೆಲಕ್ಕೆ ಬಿದ್ದ ಮೇಲೂ ಉರುಳಿಕೊಂಡು ಹುಲ್ಲುಗಾಡಿಗೋ ಮರಗಳ ಸಾಲಿಗೋ ನುಗ್ಗುತ್ತಿತ್ತು. ಬಲಗೈ ಆಟಗಾರನ ಚೆಂಡು ಹೀಗೆ ಎಡಕ್ಕೆ ಬಾಗುವುದಕ್ಕೆ 'ಹುಕ್' ಎನ್ನುತ್ತಾರೆ. ಬಲಕ್ಕೆ ಬಾಗಿದರೆ ಅದು 'ಸ್ಲೈಸ್'. ಹುಕ್ ಬಂದರೆ ಚೆಂಡು ಒಂದಷ್ಟು ದೂರ ಹೆಚ್ಚೇ ಹೋಗುತ್ತದೆ, ಆದರೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು ಕಷ್ಟ.

ಇಷ್ಟಾದರೂ ಅವರು ಅಭ್ಯಾಸ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಮಿಕ್ಕವರು ಊಟಕ್ಕೆ ಹೋದರೆ ಹೋಗನ್ ಕತ್ತಲಾಗುವ ತನಕ ಚೆಂಡು ಹೊಡೆಯುತ್ತ ನಿಂತಿರುತ್ತಿದ್ದರು. 1940ರ ಮಾರ್ಚ್‌ನಲ್ಲಿ ಪೈನ್‌ಹರ್ಸ್ಟ್‌ನ ನಾರ್ತ್ ಆ್ಯಂಡ್ ಸೌತ್ ಓಪನ್ ಗೆದ್ದದ್ದು ಒಬ್ಬಂಟಿಯಾಗಿ ಅವರಿಗೆ ದಕ್ಕಿದ ಮೊದಲ ದೊಡ್ಡ ಗೆಲುವು. ವೃತ್ತಿಗೆ ಇಳಿದು ಅದಾಗಲೇ ಹತ್ತು ವರ್ಷ ಕಳೆದಿತ್ತು. ಅದರ ಬೆನ್ನಿಗೇ ಇನ್ನೂ ಎರಡು ಪಂದ್ಯ ಗೆದ್ದರು. ಆ ವರ್ಷ ಮತ್ತು ಮುಂದಿನ ಎರಡು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಬಹುಮಾನದ ಹಣ ಗಳಿಸಿದ ಗಾಲ್ಫ್ ಆಟಗಾರ ಅವರೇ. ಆದರೂ ಒತ್ತಡದ ಗಳಿಗೆಯಲ್ಲಿ ಆ ಹುಕ್ ಮತ್ತೆ ತಲೆ ಎತ್ತುತ್ತಿತ್ತು.

ಬಲ ಹುಟ್ಟುವುದು ಎಲ್ಲಿ?

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಒಂದು ಸಣ್ಣ ಲೆಕ್ಕ ಮಾಡೋಣ. ಗಾಲ್ಫ್ ಕೋಲಿಗೆ 'ಕ್ಲಬ್' ಎನ್ನುತ್ತಾರೆ. ಚೆಂಡಿಗೆ ತಗಲುವ ಅದರ ತುದಿಯೇ ಕ್ಲಬ್ಬಿನ ತಲೆ. ದೂರ ಹೊಡೆಯುವ ಕ್ಲಬ್ಬಿನಲ್ಲಿ ಇದರ ತೂಕ ಸುಮಾರು 200 ಗ್ರಾಂ. ಒಳ್ಳೆಯ ವೃತ್ತಿಪರ ಆಟಗಾರ ಹೊಡೆದಾಗ ಈ ತಲೆಯ ವೇಗ ಸೆಕೆಂಡಿಗೆ ಸುಮಾರು 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್. ಅಷ್ಟು ವೇಗದಲ್ಲಿ ಅದರ ಚಲನಶಕ್ತಿ 250 ಜೂಲ್. ಕ್ಲಬ್ಬನ್ನು ಮೇಲಿನಿಂದ ಚೆಂಡಿನವರೆಗೆ ಇಳಿಸಲು ಹಿಡಿಯುವ ಸಮಯ ಹೆಚ್ಚುಕಡಿಮೆ ಕಾಲು ಸೆಕೆಂಡು. ಕಾಲು ಸೆಕೆಂಡಿನಲ್ಲಿ 250 ಜೂಲ್ ಕೊಡುವುದೆಂದರೆ 1000 ವ್ಯಾಟ್, ಅಂದರೆ ಒಂದು ಅಶ್ವಶಕ್ತಿಗಿಂತ ಹೆಚ್ಚು. ಇದು ಬರೀ ಕ್ಲಬ್ಬಿನ ತಲೆಯ ಲೆಕ್ಕ. ಅದರ ಜೊತೆಗೆ ತೋಳುಗಳನ್ನೂ ಮೈಯನ್ನೂ ತಿರುಗಿಸಬೇಕು, ಅದಕ್ಕೆ ಬೇರೆಯಾಗಿ ಶಕ್ತಿ ಬೇಕು.

ಇಷ್ಟು ಶಕ್ತಿಯನ್ನು ಅಷ್ಟು ಕಡಿಮೆ ಸಮಯದಲ್ಲಿ ಕೊಡುವ ಸಾಮರ್ಥ್ಯ ಮುಂದೋಳಿನ ಸಣ್ಣ ಸ್ನಾಯುಗಳಿಗೆ ಇಲ್ಲ. ನಮ್ಮ ದೇಹದ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಪೃಷ್ಠದಲ್ಲಿ, ಬೆನ್ನಿನಲ್ಲಿ. ಶಕ್ತಿ ಬರಬೇಕಾದದ್ದು ಅಲ್ಲಿಂದಲೇ. ಬೇಕಿದ್ದರೆ ನೀವೇ ಪರೀಕ್ಷಿಸಿ ನೋಡಿ. ಕುರ್ಚಿಯಲ್ಲಿ ಕೂತು, ಬೆನ್ನನ್ನು ಕುರ್ಚಿಗೆ ಒರಗಿಸಿ ಒಂದು ಚೆಂಡನ್ನು ಎಸೆಯಿರಿ. ಆಮೇಲೆ ಎದ್ದು ನಿಂತು, ಒಂದು ಹೆಜ್ಜೆ ಮುಂದಿಟ್ಟು ಎಸೆಯಿರಿ. ತೋಳು ಅದೇ, ಆದರೆ ಚೆಂಡು ಬೀಳುವ ಜಾಗ ಬೇರೆ.

ಆದರೆ ಸೊಂಟ ತಿರುಗುವ ವೇಗ ಕ್ಲಬ್ಬಿನ ತುದಿಯ ವೇಗದ ಮುಂದೆ ಏನೂ ಅಲ್ಲ. ನಿಧಾನವಾಗಿ ತಿರುಗುವ ದೊಡ್ಡ ಸೊಂಟದಿಂದ ಅಷ್ಟು ವೇಗ ಹುಟ್ಟುವುದು ಹೇಗೆ? ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒದ್ದೆ ಸೀರೆ ಬಡಿಯುವವರನ್ನು ನೆನಪಿಸಿಕೊಳ್ಳಿ. ಮೊದಲು ಕಾಲೂರಿ ಸೊಂಟ ಬಾಗುತ್ತದೆ, ಆಮೇಲೆ ಭುಜ, ಆಮೇಲೆ ತೋಳು, ಎಲ್ಲಕ್ಕಿಂತ ಕೊನೆಗೆ ಸೀರೆಯ ತುದಿ ಕಲ್ಲಿಗೆ ಬಡಿಯುತ್ತದೆ. ಬಡಿಯುವ ಗಳಿಗೆಯಲ್ಲಿ ಕೈ ಹೆಚ್ಚುಕಡಿಮೆ ನಿಂತೇ ಬಿಟ್ಟಿರುತ್ತದೆ, ತುದಿ ಮಾತ್ರ ಛಟೀರನೆ ಬೀಳುತ್ತದೆ. ಚಾವಟಿಯಲ್ಲಿ ನಡೆಯುವುದೂ ಇದೇ.

ಗಾಲ್ಫ್ ಸ್ವಿಂಗ್ ಕೂಡ ಹೀಗೆಯೇ. ಆಟಗಾರ ಪಾದದಿಂದ ನೆಲವನ್ನು ತಳ್ಳುತ್ತಾನೆ, ನೆಲ ಅಷ್ಟೇ ಬಲದಿಂದ ವಾಪಸ್ ತಳ್ಳುತ್ತದೆ. ಆ ಬಲದಿಂದ ಸೊಂಟ ಗುರಿಯ ಕಡೆಗೆ ತಿರುಗುತ್ತದೆ. ಭುಜಗಳು ಇನ್ನೂ ಹಿಂದಕ್ಕೆ ತಿರುಗಿಕೊಂಡಿರುವಾಗಲೇ ಸೊಂಟ ಮುಂದೆ ಹೊರಡುವುದರಿಂದ ನಡುವಿನ ಸ್ನಾಯುಗಳು ಎಳೆದ ರಬ್ಬರಿನಂತೆ ಬಿಗಿಯಾಗುತ್ತವೆ. ಹಾಗೆ ಎಳೆಯಲ್ಪಟ್ಟ ಸ್ನಾಯು ಮರುಕ್ಷಣ ಇನ್ನೂ ಜೋರಾಗಿ ಸಂಕುಚಿಸಿ ಭುಜಗಳನ್ನು ತಿರುಗಿಸುತ್ತದೆ. ಭುಜ ತೋಳುಗಳನ್ನು ಎಳೆಯುತ್ತದೆ, ತೋಳು ಕ್ಲಬ್ಬನ್ನು ಎಳೆಯುತ್ತದೆ. ಪ್ರತಿ ಹಂತದಲ್ಲೂ ಭಾರವಾದ ಭಾಗ ನಿಧಾನವಾಗುತ್ತ ತನ್ನ ಶಕ್ತಿಯನ್ನು ಹಗುರವಾದ ಮುಂದಿನ ಭಾಗಕ್ಕೆ ದಾಟಿಸುತ್ತದೆ. ತೂಕ ಕಡಿಮೆಯಾದಂತೆ ವೇಗ ಹೆಚ್ಚುತ್ತದೆ.

ಬ್ರಿಟನ್ನಿನಲ್ಲಿ ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬಿಬ್ಬರು ಗಾಲ್ಫ್ ಹೊಡೆತದ ವಿಜ್ಞಾನದ ಬಗ್ಗೆ ನಡೆದ ಸಂಶೋಧನೆಗಳನ್ನು 1968ರಲ್ಲಿ ಪುಸ್ತಕವಾಗಿ ತಂದರು. ಅವರು ಸ್ವಿಂಗನ್ನು ವಿವರಿಸಿದ್ದು ಎರಡು ಸಲಾಕೆಗಳ ಮಾದರಿಯಲ್ಲಿ. ಒಂದು ಸಲಾಕೆ ತೋಳುಗಳು, ಇನ್ನೊಂದು ಕ್ಲಬ್, ನಡುವೆ ಬಾಗಿಲಿನ ತಿರುಗಣಿಯಂತೆ ಮಣಿಕಟ್ಟು. ಶುರುವಿನಲ್ಲಿ ಮಣಿಕಟ್ಟು ಮಡಿಸಿಕೊಂಡಿದ್ದರೆ ಕ್ಲಬ್ ಮೈಗೆ ಹತ್ತಿರ ಇರುತ್ತದೆ, ತೋಳುಗಳು ಸಲೀಸಾಗಿ ವೇಗ ಪಡೆಯುತ್ತವೆ. ಆಮೇಲೆ ಕ್ಲಬ್ ತಾನಾಗಿಯೇ ಹೊರಕ್ಕೆ ಬೀಸಿಕೊಳ್ಳುತ್ತದೆ, ತೋಳುಗಳ ಶಕ್ತಿ ಅದರೊಳಕ್ಕೆ ಹರಿಯುತ್ತದೆ. ಅಮೆರಿಕದ ಭೌತವಿಜ್ಞಾನಿ ಥಿಯೋಡೋರ್ ಜಾರ್ಗೆನ್ಸನ್ ಮುಂದೆ ಗಣಿತದ ಮೂಲಕ ಇದನ್ನು ಇನ್ನಷ್ಟು ಆಳವಾಗಿ ಪರಿಶೀಲಿಸಿದರು. ಮಣಿಕಟ್ಟನ್ನು ಬೇಗ ಬಿಚ್ಚಿ ಝಾಡಿಸಲು ಹೋದರೆ ಚೆಂಡಿನ ಬಳಿ ವೇಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ ಎಂಬುದು ಇಂಥ ಲೆಕ್ಕಗಳಿಂದ ಹೊರಬಂದ ಸ್ವಾರಸ್ಯಕರ ಸಂಗತಿ.

ಹಾಗಾದರೆ ಕೈಗಳ ಕೆಲಸವೇನು?

ಶಕ್ತಿ ಮೈಯಿಂದ ಬರುತ್ತದೆ ಎಂದಮಾತ್ರಕ್ಕೆ ಕೈಗಳಿಗೆ ಬೆಲೆ ಇಲ್ಲ ಎಂದಲ್ಲ. ಕ್ಲಬ್ಬನ್ನು ಮುಟ್ಟಿರುವುದು ಕೈ ಮಾತ್ರ. ಮೈ ಹುಟ್ಟಿಸಿದ್ದೆಲ್ಲವೂ ಆ ಹತ್ತು ಬೆರಳುಗಳ ಮೂಲಕವೇ ದಾಟಬೇಕು. ಕ್ಲಬ್ಬಿನ ಮುಖ ಯಾವ ಕಡೆಗೆ ನೋಡುತ್ತಿರಬೇಕು ಎಂಬುದನ್ನು ನಿರ್ಧರಿಸುವುದೂ ಕೈಗಳೇ.

ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಆ ಕ್ಷಣದಲ್ಲಿ ಮುಖ ಎತ್ತ ತಿರುಗಿದೆಯೋ ಚೆಂಡು ಹೆಚ್ಚಾಗಿ ಅತ್ತಲೇ ಹೊರಡುತ್ತದೆ. ಹೊರಟ ದಿಕ್ಕಿನಲ್ಲಿ ಬರೀ 1 ಡಿಗ್ರಿ ವ್ಯತ್ಯಾಸವಾದರೂ 220 ಮೀಟರ್ ದೂರದಲ್ಲಿ ಚೆಂಡು ಸುಮಾರು 4 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಕ್ಲಬ್ ಸಾಗುವ ದಾರಿಗೂ ಅದರ ಮುಖಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಚೆಂಡು ಓರೆಯಾಗಿ ಸುತ್ತುತ್ತ ಗಾಳಿಯಲ್ಲಿ ಬಾಗುತ್ತದೆ. ಮುಖ ದಾರಿಗಿಂತ ಎಡಕ್ಕೆ ಮುಚ್ಚಿಕೊಂಡಿದ್ದರೆ ಹುಕ್, ಬಲಕ್ಕೆ ತೆರೆದುಕೊಂಡಿದ್ದರೆ ಸ್ಲೈಸ್.

ಈ ತಪ್ಪನ್ನು ಹೊಡೆಯುತ್ತಿರುವಾಗಲೇ ತಿದ್ದಿಕೊಳ್ಳಬಹುದಲ್ಲ ಎನ್ನಬೇಡಿ. ಕಣ್ಣಿಗೆ ಕಂಡದ್ದಕ್ಕೆ ನಮ್ಮ ಸ್ನಾಯು ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಕ್ಲಬ್ ಕೆಳಗಿಳಿಯುವ ಸಮಯವೇ ಹೆಚ್ಚುಕಡಿಮೆ ಅಷ್ಟು. ಹಾಗಾಗಿ ಕ್ಲಬ್ಬಿನ ಮುಖದ ದಿಕ್ಕನ್ನು ಮುಂಚಿತವಾಗಿಯೇ ನಿಗದಿ ಮಾಡಿಟ್ಟಿರಬೇಕು. ಅದನ್ನು ಮಾಡುವುದು ಹಿಡಿತ, ಗಾಲ್ಫ್ ಭಾಷೆಯಲ್ಲಿ 'ಗ್ರಿಪ್'. ಎಡಗೈಯನ್ನು ಹಿಡಿಯ ಮೇಲೆ ಬಲಕ್ಕೆ ಹೆಚ್ಚು ಹೊರಳಿಸಿ ಹಿಡಿದರೆ, ವೇಗವಾಗಿ ಇಳಿಯುವಾಗ ಮುಂದೋಳು ತನ್ನ ಸಹಜ ಸ್ಥಿತಿಗೆ ಮರಳುತ್ತ ಕ್ಲಬ್ಬಿನ ಮುಖವನ್ನು ಮುಚ್ಚಿಬಿಡುತ್ತದೆ. ಬಾಲ್ಯದಲ್ಲಿ ದೂರ ಹೊಡೆಯಲೆಂದು ಹೋಗನ್ ಕಲಿತಿದ್ದ ಹಿಡಿತ ಇಂಥದ್ದೇ. ಮೈಯ ಇಂಜಿನ್ ಚೆನ್ನಾಗಿತ್ತು, ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು.

1946ರ 'ರಹಸ್ಯ'

ಎರಡನೇ ಮಹಾಯುದ್ಧದ ಕಾಲದಲ್ಲಿ ಹೋಗನ್ ಸೇನೆಯ ವಾಯುದಳದಲ್ಲಿದ್ದರು. 1945ರಲ್ಲಿ ಮರಳಿ ಬಂದಾಗ ವಯಸ್ಸು 33, ಮೇಜರ್ ಗೆಲುವು ಇನ್ನೂ ಒಂದೂ ಇಲ್ಲ. 1946ರ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಎರಡರಲ್ಲೂ ಕೊನೆಯ ಗುಳಿಯ ಬಳಿ ಚೆಂಡನ್ನು ಒಳಗೆ ಹಾಕಲು ಮೂರು ಮೂರು ತಳ್ಳುಗಳನ್ನು ತೆಗೆದುಕೊಂಡು ಅವಕಾಶ ಕಳೆದುಕೊಂಡರು.

ಆ ಸುಮಾರಿಗೆ ಅವರು ತಮ್ಮ ಹಿಡಿತವನ್ನು ಮತ್ತೊಮ್ಮೆ ಬದಲಿಸಿದರು. ಎಡಗೈಯನ್ನು ಎಡಕ್ಕೆ ಹೊರಳಿಸಿ, ಹೆಬ್ಬೆರಳು ಹಿಡಿಯ ಮೇಲ್ಭಾಗಕ್ಕೆ ಬರುವಂತೆ ಹಿಡಿದರು. ಕ್ಲಬ್ಬನ್ನು ಹಿಂದಕ್ಕೆ ಒಯ್ಯುವಾಗ ಮುಂದೋಳನ್ನು ಹೊರಳಿಸಿ, ತುದಿಯಲ್ಲಿ ಎಡ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರು. ಇದರಿಂದ ಕ್ಲಬ್ಬಿನ ಮುಖ ಎಷ್ಟು ತೆರೆದುಕೊಳ್ಳುತ್ತಿತ್ತೆಂದರೆ, ಆಮೇಲೆ ಎಷ್ಟೇ ಜೋರಾಗಿ ಬೀಸಿದರೂ ಚೆಂಡನ್ನು ಮುಟ್ಟುವ ಹೊತ್ತಿಗೆ ಅದು ಅತಿಯಾಗಿ ಮುಚ್ಚಿಕೊಳ್ಳಲು ಸಾಧ್ಯವೇ ಇರಲಿಲ್ಲ. ಹುಕ್ ಹೋಯಿತು. ಬದಲಿಗೆ ಗುರಿಯ ಸ್ವಲ್ಪ ಎಡಕ್ಕೆ ಹೊರಟು, ಕೊನೆಗೆ ಮೆಲ್ಲಗೆ ಬಲಕ್ಕೆ ಬಾಗಿ ಇಳಿಯುವ ಹೊಡೆತ ಬಂತು.

ಇದರಿಂದ ಆದ ದೊಡ್ಡ ಲಾಭವೆಂದರೆ ಮೈಯನ್ನು ತಡೆದು ಹಿಡಿಯುವ ಅಗತ್ಯ ತಪ್ಪಿದ್ದು. ಎಡಕ್ಕೆ ಹೋಗುತ್ತದೆ ಎಂಬ ಭಯ ಇದ್ದಷ್ಟು ದಿನ ಪೂರ್ತಿ ಬಲ ಹಾಕಲು ಹಿಂಜರಿಕೆ ಇತ್ತು. ಈಗ ಕೈಗಳ ದಿಕ್ಕು ಗಟ್ಟಿಯಾದ ಮೇಲೆ ಸೊಂಟ, ಭುಜಗಳು ಎಷ್ಟು ಬೇಕಾದರೂ ರಭಸವಾಗಿ ತಿರುಗಬಹುದಿತ್ತು. 1946ರ ಪಿಜಿಎ ಚಾಂಪಿಯನ್‌ಷಿಪ್ ಅವರ ಮೊದಲ ಮೇಜರ್ ಆಯಿತು. ಆ ಒಂದೇ ವರ್ಷ 13 ಪಂದ್ಯಾವಳಿ ಗೆದ್ದರು. 1948ರಲ್ಲಿ ಪಿಜಿಎ ಮತ್ತು ಯು.ಎಸ್. ಓಪನ್ ಎರಡೂ ಅವರ ಪಾಲಾದವು.

ಹೋಗನ್‌ರಲ್ಲಿ ಏನೋ ಗುಟ್ಟಿದೆ ಎಂಬ ಮಾತು ಹಬ್ಬಿತು. 1955ರಲ್ಲಿ ಅವರು ಈ ಮಣಿಕಟ್ಟಿನ ವಿಚಾರವನ್ನು ಲೈಫ್ ಪತ್ರಿಕೆಯಲ್ಲಿ ಬಹಿರಂಗಪಡಿಸಿದ ಮೇಲೆ ಲಕ್ಷಾಂತರ ಹವ್ಯಾಸಿಗಳಿಗೆ ಅದು ತಲುಪಿತು. ಆದರೆ ಇಲ್ಲೊಂದು ಅಪಾಯವಿದೆ. ಹವ್ಯಾಸಿಗಳಲ್ಲಿ ಬಹುಪಾಲು ಜನರ ಸಮಸ್ಯೆ ಹುಕ್ ಅಲ್ಲ, ಸ್ಲೈಸ್. ಅವರ ಕ್ಲಬ್ಬಿನ ಮುಖ ಅದಾಗಲೇ ಬೇಕಾದ್ದಕ್ಕಿಂತ ಹೆಚ್ಚು ತೆರೆದಿರುತ್ತದೆ. ಹೋಗನ್ ಹಿಡಿತವನ್ನು ಅನುಕರಿಸಿದರೆ ಅದು ಇನ್ನೂ ತೆರೆದುಕೊಂಡು ಚೆಂಡು ಮತ್ತಷ್ಟು ಬಲಕ್ಕೆ ಓಡುತ್ತದೆ. ರಕ್ತದೊತ್ತಡ ಕಡಿಮೆ ಇರುವವರು ಪಕ್ಕದ ಮನೆಯವರ ಬಿಪಿ ಮಾತ್ರೆ ನುಂಗಿದಂತೆ. ಹೋಗನ್ ಕಂಡುಕೊಂಡದ್ದು ತಮ್ಮ ಕಾಯಿಲೆಗೆ ಮದ್ದು, ಎಲ್ಲರಿಗೂ ಅಲ್ಲ.

ಮಂಜಿನಲ್ಲಿ ಬಂದ ಬಸ್ಸು

1949ರ ಫೆಬ್ರವರಿ 2ರ ಬೆಳಗ್ಗೆ. ಹೋಗನ್ ದಂಪತಿ ಅರಿಜೋನಾದ ಪಂದ್ಯ ಮುಗಿಸಿ ಫೋರ್ಟ್ ವರ್ತ್‌ಗೆ ಕಾರಿನಲ್ಲಿ ಮರಳುತ್ತಿದ್ದರು. ಟೆಕ್ಸಸ್‌ನ ವ್ಯಾನ್ ಹಾರ್ನ್ ಊರು ದಾಟಿದ ಮೇಲೆ ದಟ್ಟ ಮಂಜು. ಒಂದು ಸೇತುವೆಯ ಮೇಲೆ, ಮುಂದಿದ್ದ ಲಾರಿಯನ್ನು ಹಿಂದಿಕ್ಕಲು ಹೋದ ಬಸ್ಸೊಂದು ನೇರವಾಗಿ ಎದುರಿಗೆ ಬಂತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹೋಗನ್ ಹೆಂಡತಿಯನ್ನು ಉಳಿಸಲು ಅವರ ಮೇಲೆ ಅಡ್ಡಲಾಗಿ ಬಿದ್ದರು. ಡಿಕ್ಕಿಯ ರಭಸಕ್ಕೆ ಸ್ಟೀರಿಂಗ್ ಕಂಬ ಹಿಂದಕ್ಕೆ ನುಗ್ಗಿ ಚಾಲಕನ ಆಸನವನ್ನು ತೂರಿಕೊಂಡು ಹೋಗಿತ್ತು. ಅಲ್ಲೇ ಕೂತಿದ್ದರೆ ಅವರು ಉಳಿಯುತ್ತಿರಲಿಲ್ಲ.

ವ್ಯಾಲರಿಗೆ ಆದದ್ದು ಸಣ್ಣಪುಟ್ಟ ಗಾಯ. ಹೋಗನ್ ಅವರ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಕಾಲರ್ ಮೂಳೆ, ಒಂದು ಪಕ್ಕೆಲುಬು, ಎಡ ಪಾದದ ಕೀಲು ಮುರಿದಿದ್ದವು. ಎಡಗಣ್ಣಿಗೂ ಪೆಟ್ಟಾಗಿತ್ತು. ಎಲ್ ಪಾಸೋ ನಗರದ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿರುವಾಗ ಇನ್ನೊಂದು ಗಂಡಾಂತರ ಬಂತು. ಅಲುಗಾಡದೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ತಲುಪಿದರೆ ಪ್ರಾಣಕ್ಕೇ ಸಂಚಕಾರ. ಹೋಗನ್‌ಗೆ ಆದದ್ದು ಅದೇ. ನ್ಯೂ ಆರ್ಲಿಯನ್ಸ್‌ನ ಹೆಸರಾಂತ ಶಸ್ತ್ರವೈದ್ಯ ಆಲ್ಟನ್ ಆಕ್ಸ್‌ನರ್ ಅವರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಲಾಯಿತು. ಅವರು ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಅಭಿಧಮನಿಯನ್ನೇ ಕಟ್ಟಿ, ಹೆಪ್ಪುಗಳು ಮೇಲೇರದಂತೆ ತಡೆದರು.

ಜೀವ ಉಳಿಯಿತು. ಆದರೆ ಹೆದ್ದಾರಿ ಮುಚ್ಚಿದ ಮೇಲೆ ಗಾಡಿಗಳು ಹಳ್ಳಿ ರಸ್ತೆಗಳಲ್ಲಿ ಸುತ್ತಿ ಹೋಗುವಂತೆ, ಕಾಲುಗಳ ರಕ್ತ ಸಣ್ಣ ನಾಳಗಳ ಮೂಲಕವೇ ಹೃದಯ ಸೇರಬೇಕಾಯಿತು. ಸ್ವಲ್ಪ ಹೊತ್ತು ನಿಂತರೂ ನಡೆದರೂ ಕಾಲು ಊದಿಕೊಳ್ಳುವುದು, ನೋಯುವುದು ಬದುಕಿನುದ್ದಕ್ಕೂ ಉಳಿಯಿತು. ಏಪ್ರಿಲ್ 1ರಂದು ಮನೆಗೆ ಬಂದಾಗ ಅವರು ಮತ್ತೆ ಗಾಲ್ಫ್ ಆಡುತ್ತಾರೆ ಎಂದು ನಂಬಿದವರು ತೀರ ಕಡಿಮೆ.

ಮೆರಿಯನ್ ಮೈದಾನದ 36 ಗುಳಿಗಳು

ಮನೆಯೊಳಗೆ ಹೆಜ್ಜೆ ಎಣಿಸುತ್ತ ನಡೆದು, ಆಮೇಲೆ ಮನೆಯ ಸುತ್ತ ನಡೆದು ಹೋಗನ್ ಮತ್ತೆ ಕಾಲೂರಿದರು. ಅಪಘಾತವಾಗಿ ವರ್ಷ ತುಂಬುವ ಮುನ್ನವೇ, 1950ರ ಜನವರಿಯಲ್ಲಿ, ಲಾಸ್ ಏಂಜಲೀಸ್ ಓಪನ್‌ನಲ್ಲಿ ಆಡಿ ಸ್ಯಾಮ್ ಸ್ನೀಡ್ ಜೊತೆ ಸಮ ಬಂದು, ಮರುಪಂದ್ಯದಲ್ಲಿ ಸೋತರು.

ಅದೇ ವರ್ಷದ ಜೂನ್‌ನಲ್ಲಿ ಫಿಲಡೆಲ್ಫಿಯಾ ಬಳಿಯ ಮೆರಿಯನ್ ಮೈದಾನದಲ್ಲಿ ಯು.ಎಸ್. ಓಪನ್. ಆ ಕಾಲದಲ್ಲಿ ಕೊನೆಯ ದಿನ 36 ಗುಳಿ ಆಡಬೇಕಿತ್ತು, ಅಂದರೆ ಇಡೀ ಮೈದಾನವನ್ನು ಎರಡು ಸಲ ನಡೆಯಬೇಕು. ಹೋಗನ್ ಬೆಳಗ್ಗೆ ಬಿಸಿನೀರಿನಲ್ಲಿ ಕಾಲು ನೆನೆಸಿ, ಎರಡೂ ಕಾಲಿಗೆ ಎಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಹೆಜ್ಜೆ ಎತ್ತಿಡುವುದೇ ಕಷ್ಟವಾಗಿತ್ತು. ಮುನ್ನಡೆ ಕರಗಿತು. ಕೊನೆಯ ಗುಳಿಯಲ್ಲಿ ನಿಗದಿತ ನಾಲ್ಕೇ ಹೊಡೆತದಲ್ಲಿ ಮುಗಿಸಿದರೆ ಮಾತ್ರ ಮರುಪಂದ್ಯಕ್ಕೆ ಅವಕಾಶ. ಎರಡನೇ ಹೊಡೆತಕ್ಕೆ ಹೋಗನ್ ಆರಿಸಿಕೊಂಡದ್ದು 1-ಐರನ್ ಎಂಬ, ಹವ್ಯಾಸಿಗಳು ಮುಟ್ಟಲೂ ಹೆದರುವ ಕ್ಲಬ್. ಚೆಂಡು ಹಸಿರು ಅಂಗಳದ ಮೇಲೆ ಹೋಗಿ ನಿಂತಿತು. ಹೊಡೆದು ಮುಗಿದ ಆ ಭಂಗಿಯನ್ನು ಹೈ ಪೆಸ್ಕಿನ್ ಎಂಬ ಛಾಯಾಗ್ರಾಹಕ ಹಿಂದಿನಿಂದ ಸೆರೆಹಿಡಿದರು. ಸೊಂಟ ಪೂರ್ತಿ ಗುರಿಯ ಕಡೆ ತಿರುಗಿದೆ, ಭಾರವೆಲ್ಲ ಎಡಗಾಲಿನ ಮೇಲಿದೆ, ಬಲ ಪಾದ ತುದಿಬೆರಳಿನ ಮೇಲೆ ನಿಂತಿದೆ. ಗಾಲ್ಫ್‌ನ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಅದೂ ಒಂದು. ಮರುದಿನ 18 ಗುಳಿಗಳ ಮರುಪಂದ್ಯದಲ್ಲಿ ಹೋಗನ್ 69 ಹೊಡೆತಗಳಲ್ಲಿ ಮುಗಿಸಿ, 73 ತೆಗೆದುಕೊಂಡ ಲಾಯ್ಡ್ ಮ್ಯಾಂಗ್ರಮ್ ಮತ್ತು 75 ತೆಗೆದುಕೊಂಡ ಜಾರ್ಜ್ ಫಾಝಿಯೋ ಇಬ್ಬರನ್ನೂ ಸೋಲಿಸಿದರು.

ಈ ಗೆಲುವನ್ನು ಮನೋಬಲದ ಕಥೆಯಾಗಿ ಹೇಳುವುದೇ ರೂಢಿ. ಮನೋಬಲ ಇತ್ತು, ನಿಜ. ಜೊತೆಗೆ ಒಂದು ಶರೀರಶಾಸ್ತ್ರದ ಸಂಗತಿಯೂ ಇದೆ. ಗಂಟೆಗಟ್ಟಲೆ ನಡೆಯಲು ಬೇಕಾದದ್ದು ಸರಾಗ ರಕ್ತಸಂಚಾರ, ತಾಳಿಕೆ. ಹೋಗನ್ ಅದನ್ನು ಕಳೆದುಕೊಂಡಿದ್ದರು. ಒಂದು ಸ್ವಿಂಗ್ ಮುಗಿಯುವುದು ಒಂದೆರಡು ಸೆಕೆಂಡಿನಲ್ಲಿ, ಅದಕ್ಕೆ ಬೇಕಾದದ್ದು ಯಾವ ಭಾಗ ಮೊದಲು, ಯಾವುದು ಆಮೇಲೆ ಎಂಬ ಸರದಿ. ಸಾವಿರಾರು ಸಲ ಮಾಡಿದ ಆ ಸರದಿ ಮೆದುಳಿನಲ್ಲಿ, ನರಗಳಲ್ಲಿ ಅಚ್ಚೊತ್ತಿತ್ತು. ಮೂಳೆ ಕೂಡಿಕೊಂಡ ಮೇಲೆ ಅದು ಮರಳಿ ಸಿಕ್ಕಿತು.

ಸರದಿಯ ಪಾಠ

1951ರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್ ಎರಡೂ ಸಿಕ್ಕವು. 1953ರಲ್ಲಿ ಹೋಗನ್ ಆಡಿದ್ದು ಬರೀ 6 ಪಂದ್ಯಾವಳಿ, ಗೆದ್ದದ್ದು 5. ಅದರಲ್ಲಿ ಮೂರು ಮೇಜರ್‌ಗಳು: ಮಾಸ್ಟರ್ಸ್, ಯು.ಎಸ್. ಓಪನ್ ಮತ್ತು ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್. ಬ್ರಿಟಿಷ್ ಓಪನ್‌ನಲ್ಲಿ ಅವರು ಆಡಿದ್ದು ಅದೊಂದೇ ಸಲ. ನಾಲ್ಕು ಸುತ್ತುಗಳಲ್ಲಿ ಅವರ ಹೊಡೆತಗಳು 73, 71, 70, 68. ನ್ಯೂಯಾರ್ಕ್ ನಗರ ಅವರನ್ನು ಮೆರವಣಿಗೆ ಮಾಡಿ ಸ್ವಾಗತಿಸಿತು. ಅದೇ ವರ್ಷ ಫೋರ್ಟ್ ವರ್ತ್‌ನಲ್ಲಿ ತಮ್ಮದೇ ಕ್ಲಬ್ ತಯಾರಿಕೆಯ ಕಂಪನಿಯನ್ನೂ ಶುರು ಮಾಡಿದರು.

1957ರಲ್ಲಿ ಲೇಖಕ ಹರ್ಬರ್ಟ್ ವಾರೆನ್ ವಿಂಡ್ ಮತ್ತು ಚಿತ್ರಕಾರ ಆಂಥನಿ ರವಿಯೆಲ್ಲಿ ಅವರ ಜೊತೆ ಸೇರಿ ಹೋಗನ್ ತಮ್ಮ ವಿಧಾನವನ್ನು ಐದು ಪಾಠಗಳಾಗಿ ಬರೆದರು. ಮೊದಲು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ, ಆಮೇಲೆ ಪುಸ್ತಕವಾಗಿ ಬಂದ ಆ ಪಾಠಗಳನ್ನು ಜನ ಇಂದಿಗೂ ಓದುತ್ತಾರೆ. ಅದರ ಮೊದಲ ಪಾಠ ಕೈ ಹಿಡಿತದ್ದು. ಕೆಳಗಿಳಿಯುವ ಚಲನೆಯನ್ನು ಶುರು ಮಾಡಬೇಕಾದದ್ದು ಸೊಂಟ, ಆಮೇಲೆ ಭುಜ, ತೋಳು, ಕೊನೆಗೆ ಕೈ ಎಂಬುದು ಅವರ ವಾದ. ಕಾಕ್ರನ್ ಮತ್ತು ಸ್ಟಾಬ್ಸ್ ಪುಸ್ತಕಕ್ಕಿಂತ ಹನ್ನೊಂದು ವರ್ಷ ಮೊದಲಿನ ಮಾತಿದು. ಈಗ ಪ್ರಯೋಗಾಲಯಗಳಲ್ಲಿ ಆಟಗಾರರ ಮೈಗೆ ಸೆನ್ಸರ್ ಅಂಟಿಸಿ ಅಳೆದಾಗ ನುರಿತವರಲ್ಲಿ ಸಾಮಾನ್ಯವಾಗಿ ಕಾಣುವ ಸರದಿಯೂ ಇದೇ ಬಗೆಯದು. ಹೋಗನ್ ಹೇಳಿದ್ದೆಲ್ಲವೂ ಅಳತೆಗೆ ಸರಿಹೊಂದುತ್ತದೆ ಎಂದಲ್ಲ. ಉದಾಹರಣೆಗೆ, ಸ್ವಿಂಗ್ ಒಂದು ಓರೆ ಗಾಜಿನ ಹಲಗೆಯ ಕೆಳಗೆ ಸಾಗುವಂತೆ ಅವರು ಚಿತ್ರಿಸಿದ್ದರು. ನಿಜದಲ್ಲಿ ಕ್ಲಬ್ ಸಾಗುವ ದಾರಿ ಅಷ್ಟು ಸಪಾಟಾಗಿ ಇರುವುದಿಲ್ಲ. ಆದರೂ ಅಳತೆಯ ಉಪಕರಣಗಳೇ ಇಲ್ಲದ ಕಾಲದಲ್ಲಿ, ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಮೂಲ ಸಂಗತಿಯನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಕೊನೆಗೆ ಕೈಕೊಟ್ಟದ್ದು ಕೈಗಳೇ

ಹೋಗನ್ ಆಟ ಕುಂದಿದ್ದು ಹೇಗೆ ಎಂಬುದರಲ್ಲೂ ಒಂದು ಪಾಠವಿದೆ. ವಯಸ್ಸಾದಂತೆ ದೂರದ ಹೊಡೆತಗಳು ಹಾಳಾಗಿ, ಹತ್ತಿರದ ಮೆಲ್ಲನೆಯ ತಳ್ಳುಗಳು ಉಳಿಯಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಅವರ ವಿಷಯದಲ್ಲಿ ಆದದ್ದು ಉಲ್ಟಾ. 1960ರ ಯು.ಎಸ್. ಓಪನ್‌ನ ಕೊನೆಯ ದಿನ, 47ರ ವಯಸ್ಸಿನಲ್ಲಿ, ಸತತ 34 ಗುಳಿಗಳಲ್ಲಿ ಅವರ ಚೆಂಡು ನಿಗದಿತ ಹೊಡೆತಗಳಲ್ಲೇ ಹಸಿರು ಅಂಗಳ ತಲುಪಿತ್ತು. ಆದರೆ ಅಲ್ಲಿಂದ ಕೆಲವೇ ಅಡಿ ದೂರದ ಗುಳಿಗೆ ಚೆಂಡನ್ನು ಮೆಲ್ಲಗೆ ತಳ್ಳುವಾಗ ಅವರ ಕೈಗಳು ಹೆಪ್ಪುಗಟ್ಟಿದಂತೆ ನಿಂತುಬಿಡುತ್ತಿದ್ದವು. ಎಡಗಣ್ಣಿನ ದೃಷ್ಟಿಯೂ ಕುಂದಿತ್ತು. ದೊಡ್ಡ ಸ್ನಾಯುಗಳ ಸರದಿ ಗಟ್ಟಿಯಾಗಿ ಉಳಿದಿತ್ತು, ಸಣ್ಣ ಸ್ನಾಯುಗಳ ನಾಜೂಕು ಕೈತಪ್ಪಿತ್ತು.

1967ರ ಮಾಸ್ಟರ್ಸ್‌ನಲ್ಲಿ, 54ರ ವಯಸ್ಸಿನಲ್ಲಿ, ನೋಯುವ ಕಾಲುಗಳಲ್ಲೇ ಅವರು ಮೂರನೇ ದಿನದ ಕೊನೆಯ 9 ಗುಳಿಗಳನ್ನು 30 ಹೊಡೆತಗಳಲ್ಲಿ ಮುಗಿಸಿದಾಗ ಮೈದಾನದುದ್ದಕ್ಕೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 1971ರಲ್ಲಿ ಸ್ಪರ್ಧೆಗಳಿಂದ ಹಿಂದೆ ಸರಿದರು. 1997ರ ಜುಲೈ 25ರಂದು, 84ನೇ ವಯಸ್ಸಿನಲ್ಲಿ, ಫೋರ್ಟ್ ವರ್ತ್‌ನಲ್ಲಿ ತೀರಿಕೊಂಡರು.

ನಂಬಿಕೆ ಮತ್ತು ವಾಸ್ತವ

- ತೋಳು ದಪ್ಪ ಇದ್ದಷ್ಟೂ ಚೆಂಡು ದೂರ ಹೋಗುತ್ತದೆ. ಸ್ನಾಯುಬಲದಿಂದ ಪ್ರಯೋಜನ ಇದ್ದೇ ಇದೆ. ಆದರೆ ಶಕ್ತಿಯ ದೊಡ್ಡ ಪಾಲು ಬರುವುದು ಕಾಲು, ಪೃಷ್ಠ, ಬೆನ್ನಿನಿಂದ. ಅದು ಕ್ಲಬ್ಬಿನ ತುದಿಗೆ ತಲುಪಬೇಕಾದರೆ ಸರದಿ ಸರಿಯಿರಬೇಕು.
- ಮಣಿಕಟ್ಟನ್ನು ಜೋರಾಗಿ ಝಾಡಿಸಿದರೆ ವೇಗ ಹೆಚ್ಚುತ್ತದೆ. ಬೇಗ ಝಾಡಿಸಿದರೆ ವೇಗ ಚೆಂಡು ಬರುವ ಮುನ್ನವೇ ಖರ್ಚಾಗಿಬಿಡುತ್ತದೆ.
- ಬಿಗಿಯಾಗಿ ಹಿಡಿದಷ್ಟೂ ನಿಯಂತ್ರಣ ಹೆಚ್ಚು. ಅತಿ ಬಿಗಿಯಾದ ಹಿಡಿತ ಮಣಿಕಟ್ಟನ್ನೂ ಬಿಗಿಯಾಗಿಸಿ ಕ್ಲಬ್ ಸಲೀಸಾಗಿ ಬೀಸದಂತೆ ತಡೆಯುತ್ತದೆ. ಜಾರದಷ್ಟು ಗಟ್ಟಿ ಇದ್ದರೆ ಸಾಕು.
- ದೊಡ್ಡ ಆಟಗಾರರ ಹಿಡಿತವನ್ನು ಹಾಗೆಯೇ ಅನುಕರಿಸಬೇಕು. ನಿಮ್ಮ ಚೆಂಡು ಯಾವ ಕಡೆ ಬಾಗುತ್ತದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಹಿಡಿತ ಬದಲಿಸಬೇಕು.
- ಗಾಲ್ಫ್‌ನಲ್ಲಿ ಮೈಗೆ ಪೆಟ್ಟಾಗುವುದಿಲ್ಲ. ಹವ್ಯಾಸಿ ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವ ತೊಂದರೆಗಳಲ್ಲಿ ಕೆಳಬೆನ್ನಿನ ನೋವು ಮುಖ್ಯವಾದದ್ದು. ಮೈ ಬಿಸಿ ಮಾಡಿಕೊಳ್ಳದೆ ಒಮ್ಮೆಲೇ ಜೋರಾಗಿ ತಿರುಗುವುದು, ಸೊಂಟ ತಿರುಗದಿರುವಾಗ ಬೆನ್ನನ್ನಷ್ಟೇ ತಿರುಚುವುದು ಇದಕ್ಕೆ ಕಾರಣವಾಗಬಹುದು. ನೋವು ಇರುವವರು ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಗಾಲ್ಫ್ ಆಡದವರಿಗೂ ಇದರಲ್ಲಿ ಉಪಯೋಗವಿದೆ. ಕ್ರಿಕೆಟ್ ಚೆಂಡು ಎಸೆಯುವಾಗ, ಸೌದೆ ಒಡೆಯುವಾಗ, ಸುತ್ತಿಗೆ ಬೀಸುವಾಗ ದುಡಿಯುವುದು ಇದೇ ಸರದಿ. ತೋಳು ಬೇಗ ಸೋಲುತ್ತಿದೆ ಎನಿಸಿದರೆ ಒಮ್ಮೆ ಪಾದ ಮತ್ತು ಸೊಂಟದ ಕಡೆ ಗಮನ ಕೊಡಿ. ಮುಂದೆ ಎಲ್ಲಾದರೂ ಗಾಲ್ಫ್ ನೋಡಲು ಸಿಕ್ಕಾಗಲೂ ಆಟಗಾರರ ತೋಳಿನ ಬದಲು ಬೆಲ್ಟಿನ ಬಕಲ್ ನೋಡಿ. ಚೆಂಡಿಗೆ ಪೆಟ್ಟು ಬೀಳುವ ಮೊದಲೇ ಅದು ಗುರಿಯ ಕಡೆಗೆ ತಿರುಗಲು ಶುರುವಾಗಿರುತ್ತದೆ.